ಸುಬ್ರಹ್ಮಣ್ಯಪುರದ ಲೋಕಸಭಾ ಸ್ಥಾನ ಮತ್ತು 2023ರ ಡಿಸೆಂಬರ್ ಅಮಾನತು: ಒಂದು ಟಿಪ್ಪಣಿ

1. ಕ್ಷೇತ್ರ

ಉತ್ತರಹಳ್ಳಿಗೆ ಹೊಂದಿಕೊಂಡಿರುವ ಸುಬ್ರಹ್ಮಣ್ಯಪುರವನ್ನು ಜಯನಗರ, ಬನಶಂಕರಿಗಳ ಜೊತೆ ‘ದಕ್ಷಿಣ ಬೆಂಗಳೂರು’ ಎಂದು ಎಣಿಸುವುದು ರೂಢಿ. ಲೋಕಸಭೆಯ ದಾಖಲೆಗಳನ್ನು ಹುಡುಕುವಾಗ ಈ ರೂಢಿ ದಾರಿ ತಪ್ಪಿಸುತ್ತದೆ. 2008ರ ಪುನರ್ವಿಂಗಡಣೆಯ ಬಳಿಕ ಈ ಪ್ರದೇಶ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದಲ್ಲಿದೆ (ಸಂಖ್ಯೆ 176). ಆದರೆ ಈ ವಿಧಾನಸಭಾ ಕ್ಷೇತ್ರ ಅದೇ ಹೆಸರಿನ ಲೋಕಸಭಾ ಕ್ಷೇತ್ರಕ್ಕೆ ಸೇರಿಲ್ಲ. ಆನೇಕಲ್, ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಕುಣಿಗಲ್, ರಾಜರಾಜೇಶ್ವರಿನಗರಗಳ ಜೊತೆ ಅದು ಬೆಂಗಳೂರು ಗ್ರಾಮಾಂತರಕ್ಕೆ ಸೇರಿದೆ. ಪಕ್ಕದ ಪದ್ಮನಾಭನಗರ ಮಾತ್ರ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದ ಭಾಗ.

ಪುನರ್ವಿಂಗಡಣೆಗೆ ಮುಂಚಿನ ಸ್ಥಿತಿಯೂ ರೂಢಿಗೆ ಹೊಂದುವುದಿಲ್ಲ. ಆಗಿನ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರ ಕನಕಪುರ ಲೋಕಸಭಾ ಕ್ಷೇತ್ರದೊಳಗಿತ್ತು. 2002ರ ಉಪಚುನಾವಣೆಯಲ್ಲಿ ಅಲ್ಲಿಂದ ಗೆದ್ದು ಎಚ್.ಡಿ. ದೇವೇಗೌಡರು ವಾಜಪೇಯಿ ಸರ್ಕಾರದ ಎದುರಿನ ಸಾಲಿನಲ್ಲಿ ಕುಳಿತರು. 2004ರಲ್ಲಿ ಅದೇ ಕ್ಷೇತ್ರದಲ್ಲಿ ಸೋತರು. 2025ರಲ್ಲಿ ರಾಮನಗರ ಜಿಲ್ಲೆಗೂ ‘ಬೆಂಗಳೂರು ದಕ್ಷಿಣ’ ಎಂಬ ಹೆಸರು ಬಂದಿರುವುದರಿಂದ ಇನ್ನೊಂದು ಎಚ್ಚರಿಕೆ ಅಗತ್ಯ: ಸುಬ್ರಹ್ಮಣ್ಯಪುರ ಇರುವುದು ಬೆಂಗಳೂರು ನಗರ ಜಿಲ್ಲೆಯ ಬೆಂಗಳೂರು ದಕ್ಷಿಣ ತಾಲ್ಲೂಕಿನಲ್ಲಿ, ಆ ಜಿಲ್ಲೆಯಲ್ಲಲ್ಲ.

2. ಅವಧಿ

ಈ ಟಿಪ್ಪಣಿಯ ವಿಷಯ ಬೆಂಗಳೂರು ಗ್ರಾಮಾಂತರದ ಕಾಂಗ್ರೆಸ್ ಸದಸ್ಯ ಡಿ.ಕೆ. ಸುರೇಶ್. ಎಚ್.ಡಿ. ಕುಮಾರಸ್ವಾಮಿ ಅವರಿಂದ ತೆರವಾದ ಸ್ಥಾನಕ್ಕೆ 2013ರ ಆಗಸ್ಟ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಅವರು ಮೊದಲು ಗೆದ್ದರು. 2014 ಮತ್ತು 2019ರಲ್ಲಿ ಮರು ಆಯ್ಕೆಯಾದರು. 2019ರಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ ಕಾಂಗ್ರೆಸ್‌ಗೆ ದಕ್ಕಿದ್ದು ಇದೊಂದೇ. ಅವರ ಇಡೀ ಅವಧಿಗೆ ‘ವಿರೋಧ ಪಕ್ಷದ ಸಂಸದ’ ಎಂಬ ವಿವರಣೆ ಸಲ್ಲದು. ಮೊದಲ ಒಂಬತ್ತು ತಿಂಗಳು ಅವರು ಆಡಳಿತ ಪಕ್ಷದವರು. 2014ರ ಮೇ ನಂತರದ ಹತ್ತು ವರ್ಷಗಳಿಗೆ ಮಾತ್ರ ಆ ವಿವರಣೆ ನಿಲ್ಲುತ್ತದೆ.

ಆ ಹತ್ತು ವರ್ಷ ಲೋಕಸಭೆಯಲ್ಲಿ ಮಾನ್ಯತೆ ಪಡೆದ ವಿರೋಧ ಪಕ್ಷದ ನಾಯಕರೇ ಇರಲಿಲ್ಲ. ಕಾಂಗ್ರೆಸ್ 2014ರಲ್ಲಿ 44, 2019ರಲ್ಲಿ 52 ಸ್ಥಾನ ಗೆದ್ದಿತ್ತು. ಎರಡೂ ಒಟ್ಟು ಸದಸ್ಯಬಲದ ಹತ್ತನೆಯ ಒಂದಕ್ಕಿಂತ ಕಡಿಮೆ. ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಅವರು 2014ರಿಂದ 2019ರವರೆಗೆ ಇದ್ದದ್ದು ಕಾಂಗ್ರೆಸ್ ಸದನ ನಾಯಕರಾಗಿ. ಅವರನ್ನು ಆ ಅವಧಿಯ ‘ಲೋಕಸಭಾ ವಿರೋಧ ಪಕ್ಷದ ನಾಯಕ’ ಎಂದು ಬರೆಯುವುದು ಸರಿಯಲ್ಲ.

3. ಅಮಾನತು

2023ರ ಡಿಸೆಂಬರ್ 13ರಂದು ಇಬ್ಬರು ಸಂದರ್ಶಕರ ಗ್ಯಾಲರಿಯಿಂದ ಲೋಕಸಭೆಯೊಳಗೆ ಧುಮುಕಿದರು. ಅವರಿಗೆ ಪಾಸ್ ದೊರೆತದ್ದು ಮೈಸೂರು-ಕೊಡಗು ಸದಸ್ಯ ಪ್ರತಾಪ ಸಿಂಹ ಅವರ ಕಚೇರಿಯ ಶಿಫಾರಸಿನ ಮೇಲೆ. ಗೃಹ ಸಚಿವ ಅಮಿತ್ ಶಾ ಸದನದಲ್ಲಿ ಹೇಳಿಕೆ ನೀಡಬೇಕು ಎಂಬುದು ವಿರೋಧ ಪಕ್ಷಗಳ ಬೇಡಿಕೆ. ಭದ್ರತೆ ಲೋಕಸಭಾ ಸಚಿವಾಲಯದ ವ್ಯಾಪ್ತಿಯ ವಿಷಯ ಎಂಬುದು ಸರ್ಕಾರದ ನಿಲುವು. ಆ ಅಧಿವೇಶನದಲ್ಲಿ ಹೇಳಿಕೆ ಬರಲಿಲ್ಲ.

ಲೋಕಸಭೆಯಲ್ಲಿ ಅಮಾನತುಗಳ ಲೆಕ್ಕ ಹೀಗಿದೆ: 14ರಂದು 13, 18ರಂದು 33, 19ರಂದು 49, 20ರಂದು 2, 21ರಂದು 3, ಒಟ್ಟು 100. ರಾಜ್ಯಸಭೆಯಲ್ಲಿ 14ರಂದು ಒಬ್ಬರು, 18ರಂದು 45 ಮಂದಿ. ಎರಡೂ ಸದನ ಸೇರಿ 146. ಲೋಕಸಭೆಯ ಮೊದಲ ದಿನದ ಸಂಖ್ಯೆ ಕೆಲವೆಡೆ 14 ಎಂದು ಕಾಣುತ್ತದೆ. ಮೂಲ ಪಟ್ಟಿಯಲ್ಲಿದ್ದ ತಮಿಳುನಾಡಿನ ಎಸ್.ಆರ್. ಪಾರ್ತಿಬನ್ ಸದನದಲ್ಲೇ ಇರಲಿಲ್ಲವೆಂದು ತಿಳಿದ ಬಳಿಕ ಅವರ ಹೆಸರನ್ನು ಕೈಬಿಡಲಾಯಿತು. ಆ ದಿನ ಸಂಜೆಗೆ ಮುಂಚಿನ ವರದಿಯನ್ನು ಆಧರಿಸಿದವರ ಮೊತ್ತದಲ್ಲಿ ಒಂದು ಹೆಚ್ಚು ಬರುವುದು ಇದೇ ಕಾರಣಕ್ಕೆ. ಹೋಲಿಕೆಗೆ: 1989ರ ಮಾರ್ಚ್ 15ರಂದು, ಠಕ್ಕರ್ ಆಯೋಗದ ವರದಿಯ ಗದ್ದಲದಲ್ಲಿ, ಲೋಕಸಭೆ ಒಂದೇ ದಿನ 63 ಸದಸ್ಯರನ್ನು ಅಮಾನತು ಮಾಡಿತ್ತು. ಒಂದು ದಿನದ ಮಟ್ಟಿಗೆ ಲೋಕಸಭೆಯ ಹೆಚ್ಚಿನ ಸಂಖ್ಯೆ ಈಗಲೂ ಅದೇ.

ಸುರೇಶ್ ಅವರ ಹೆಸರು ಕೊನೆಯ ಮೂವರಲ್ಲಿದೆ. ಉಳಿದಿಬ್ಬರು ಛತ್ತೀಸಗಡದ ದೀಪಕ್ ಬೈಜ್ ಮತ್ತು ಮಧ್ಯಪ್ರದೇಶದ ನಕುಲ್ ನಾಥ್. ಪ್ರಸ್ತಾವ ಮಂಡಿಸಿದವರು ಧಾರವಾಡದ ಸದಸ್ಯರೂ ಸಂಸದೀಯ ವ್ಯವಹಾರಗಳ ಸಚಿವರೂ ಆಗಿದ್ದ ಪ್ರಹ್ಲಾದ ಜೋಶಿ. ನಿಯಮ 374ರ ಪ್ರಕಾರ ಸಭಾಧ್ಯಕ್ಷರು ಹೆಸರಿಸಿದ ಸದಸ್ಯರನ್ನು ಅಧಿವೇಶನದ ಉಳಿದ ಅವಧಿಯನ್ನು ಮೀರದಂತೆ ಅಮಾನತಿನಲ್ಲಿಡಬಹುದು.

ಇಲ್ಲಿ ದಿನಾಂಕ ಮುಖ್ಯ. ಹದಿನೇಳನೆಯ ಲೋಕಸಭೆಯ ಹದಿನಾಲ್ಕನೆಯ ಅಧಿವೇಶನ 22ರವರೆಗೆ ನಡೆಯಬೇಕಿತ್ತು. ಒಂದು ದಿನ ಮುಂಚೆ, 21ರಂದೇ, ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡಲಾಯಿತು. ಹಾಗಾಗಿ ಈ ಮೂವರ ಅಮಾನತು ಕಲಾಪದ ಲೆಕ್ಕದಲ್ಲಿ ಒಂದು ದಿನವನ್ನೂ ತುಂಬಲಿಲ್ಲ. ಮೊದಲ ತಂಡದವರಿಗೆ ಅದು ಒಂದು ವಾರದಷ್ಟು. ನೂರು ಮಂದಿಯ ಅಮಾನತನ್ನು ಸಮಾನ ತೂಕದ ಶಿಕ್ಷೆ ಎಂದು ಪರಿಗಣಿಸುವ ವಿಶ್ಲೇಷಣೆಗಳು ಈ ವ್ಯತ್ಯಾಸವನ್ನು ಕಡೆಗಣಿಸುತ್ತವೆ. ಮೂರು ಅಪರಾಧ ಕಾನೂನು ಮಸೂದೆಗಳು ಲೋಕಸಭೆಯಲ್ಲಿ ಅಂಗೀಕಾರವಾದದ್ದು 20ರಂದು. ಆ ದಿನ ಸುರೇಶ್ ಅಮಾನತಿನಲ್ಲಿರಲಿಲ್ಲ. ಅವರ ಅಮಾನತಿಗೆ ಕಾರಣ ಈ ಮಸೂದೆಗಳ ವಿರೋಧವೇ ಎಂದು ಹೇಳಲು ಆಧಾರ ಸಾಲದು. ಫಲಕ ಪ್ರದರ್ಶನ ಮತ್ತು ಕಲಾಪಕ್ಕೆ ಅಡ್ಡಿ ಪ್ರಸ್ತಾವದ ಪ್ರಕಟಿತ ಕಾರಣಗಳು.

4. 2024ರ ಫೆಬ್ರವರಿಯ ಹೇಳಿಕೆ

ಮಧ್ಯಂತರ ಬಜೆಟ್ ಮಂಡನೆಯಾದ ಫೆಬ್ರವರಿ 1ರಂದು ಸುರೇಶ್, ತೆರಿಗೆ ಹಂಚಿಕೆಯ ಅನ್ಯಾಯ ಸರಿಯಾಗದಿದ್ದರೆ ದಕ್ಷಿಣದವರು ಪ್ರತ್ಯೇಕ ದೇಶ ಕೇಳುವ ಅನಿವಾರ್ಯತೆ ಬರಬಹುದು ಎಂಬರ್ಥದ ಮಾತಾಡಿದರು. ಈ ಮಾತು ಸದನದ ಹೊರಗೆ, ಪತ್ರಕರ್ತರೆದುರು ಬಂದದ್ದು. ಲೋಕಸಭೆಯ ಚರ್ಚೆ ಎಂದು ಇದನ್ನು ಉದ್ಧರಿಸುವಂತಿಲ್ಲ. ಮಾರನೆಯ ದಿನ ಸದನದಲ್ಲಿ ಆಕ್ಷೇಪ ಎತ್ತಿದವರು ಜೋಶಿ. ದೇಶ ಒಡೆಯುವ ಮಾತನ್ನು ಸಹಿಸುವುದಿಲ್ಲ ಎಂದು ಖರ್ಗೆ ರಾಜ್ಯಸಭೆಯಲ್ಲಿ ಹೇಳಿದರು.

ಆ ಮಾತಿನ ಧಾಟಿಯಷ್ಟೇ ಸುದ್ದಿಯಾಗಿ ಅದರ ಹಿಂದಿನ ಅಂಕಿ ಹಿನ್ನೆಲೆಗೆ ಸರಿದದ್ದು ದುರದೃಷ್ಟಕರ. ಹಂಚಿಕೆಯಾಗುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713, 15ನೇ ಆಯೋಗದಲ್ಲಿ ಶೇ 3.647. ಇದರಲ್ಲಿ ವಿವಾದವಿಲ್ಲ. ವಿವಾದ ಇರುವುದು 5,495 ಕೋಟಿ ರೂಪಾಯಿಯ ವಿಶೇಷ ಅನುದಾನದಲ್ಲಿ. 15ನೇ ಆಯೋಗ 2020–21ರ ಮೊದಲ ವರದಿಯಲ್ಲಿ ಅದನ್ನು ಶಿಫಾರಸು ಮಾಡಿತ್ತು; ಅಂತಿಮ ವರದಿಯಲ್ಲಿ ಅದು ಇಲ್ಲ. ‘ಆಯೋಗ ಹೇಳಿತ್ತು’ ಎಂಬ ರಾಜ್ಯದ ವಾದ, ‘ಹೇಳಲಿಲ್ಲ’ ಎಂಬ ಕೇಂದ್ರದ ವಾದ ಎರಡೂ ಬೇರೆ ಬೇರೆ ವರದಿಗಳ ಮಟ್ಟಿಗೆ ನಿಜ. ಸುರೇಶ್ ಆಗ ದೆಹಲಿಯಲ್ಲಿ ವಿರೋಧ ಪಕ್ಷದವರು, ಬೆಂಗಳೂರಿನಲ್ಲಿ ಆಡಳಿತ ಪಕ್ಷದವರು, ಉಪಮುಖ್ಯಮಂತ್ರಿಯ ತಮ್ಮ. ಅವರ ಮಾತನ್ನು ಕ್ಷೇತ್ರದ ದನಿ ಎನ್ನುವುದಕ್ಕಿಂತ ರಾಜ್ಯ ಸರ್ಕಾರದ ವಾದದ ಮುಂದುವರಿಕೆ ಎಂದು ಓದುವುದು ಹೆಚ್ಚು ಸಮಂಜಸವೆನಿಸುತ್ತದೆ. ಫೆಬ್ರವರಿ 7ರಂದು ಅದೇ ವಾದ ಹಿಡಿದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು.

5. ಅನಂತರ

2024ರ ಚುನಾವಣೆಯಲ್ಲಿ ಬಿಜೆಪಿಯ ಡಾ. ಸಿ.ಎನ್. ಮಂಜುನಾಥ್ ಎದುರು ಸುರೇಶ್ ಸೋತರು. ಕಾಂಗ್ರೆಸ್ 99 ಸ್ಥಾನ ಗೆದ್ದು, ಹತ್ತು ವರ್ಷಗಳ ನಂತರ ಲೋಕಸಭೆಗೆ ಮಾನ್ಯತೆ ಪಡೆದ ವಿರೋಧ ಪಕ್ಷದ ನಾಯಕರು ಬಂದಾಗ, ಸುಬ್ರಹ್ಮಣ್ಯಪುರದ ಸ್ಥಾನ ಆಡಳಿತ ಪಕ್ಷದ ಸಾಲಿಗೆ ಹೋಗಿತ್ತು.