ಟೀ ಗಾರ್ಡನ್‌ನಿಂದ ಕಿಮೋನೊ ಹೋದ ವರ್ಷ

ಊರಿಂದ ಅಪ್ಪ-ಅಮ್ಮ ಬಂದಾಗ ನಾವು ತೋರಿಸೋ ಜಾಗಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನ ಜಪಾನೀಸ್ ಟೀ ಗಾರ್ಡನ್ ಇದ್ದೇ ಇರುತ್ತೆ. ಕಮಾನು ಸೇತುವೆ ಮೇಲೆ ಒಂದು ಫೋಟೋ, ಒಂದು ಕಪ್ ಚಹಾ, ಮುಗೀತು. ಈ ತೋಟದ ಹಳೇ ಪೋಸ್ಟ್‌ಕಾರ್ಡ್‌ಗಳನ್ನ ನೋಡಿದ್ದೀರಾ? ಅವುಗಳಲ್ಲಿ ಕಿಮೋನೊ ತೊಟ್ಟ ಹೆಂಗಸರು ಚಹಾ ಕೊಡ್ತಿರ್ತಾರೆ. 1942ರಲ್ಲಿ ಆ ಕಿಮೋನೊಗಳು ಅಲ್ಲಿಂದ ಮಾಯವಾದವು. ಯಾಕೆ ಅಂತ ಹೇಳೋಕೆ ಮುಂಚೆ, ಆ ಬಟ್ಟೆಯನ್ನ ಓದೋದು ಹೇಗೆ ಅಂತ ನೋಡೋಣ.

ಕಿಮೋನೊ ಅಂದರೆ ಜಪಾನಿ ಭಾಷೆಯಲ್ಲಿ ‘ತೊಡುವ ವಸ್ತು’, ಅಷ್ಟೇ. ಹೊಲಿಗೆಯೂ ಸರಳ, ಎಲ್ಲಾ ನೇರ ತುಂಡುಗಳು. ಅರ್ಥ ಇರೋದು ವಿವರಗಳಲ್ಲಿ. ತೋಳು ಉದ್ದಕ್ಕೆ ಇಳಿಬಿದ್ದಿದ್ದರೆ ಅದು ಫುರಿಸೋದೆ. ತೊಟ್ಟವಳಿಗೆ ಇನ್ನೂ ಮದುವೆಯಾಗಿಲ್ಲ. ಮದುವೆಯಾದವರ ಕಪ್ಪು ತೊಮೆಸೋದೆಯಲ್ಲಿ ತೋಳು ಗಿಡ್ಡ, ಚಿತ್ರ ಕೆಳಭಾಗದಲ್ಲಿ ಮಾತ್ರ. ಬೆನ್ನು, ತೋಳು, ಎದೆಯ ಮೇಲೆ ಒಟ್ಟು ಐದು ಮನೆತನದ ಮುದ್ರೆಗಳು. ಕೊಕ್ಕರೆ ಅಂದರೆ ಸಾವಿರ ವರ್ಷದ ಆಯಸ್ಸು. ಅದಕ್ಕೇ ಮದುಮಗಳ ರೇಷ್ಮೆ ಮೇಲಂಗಿ ಉಚಿಕಾಕೆಯ ಮೇಲೆ ಕೊಕ್ಕರೆಗಳು ಹಾರ್ತಿರುತ್ತವೆ. ಪೈನ್, ಬಿದಿರು, ಪ್ಲಮ್ ಹೂವು ಮೂರೂ ಒಟ್ಟಿಗಿದ್ದರೆ ಚಳಿಗೆ ಬಗ್ಗದ ಜೀವ ಅಂತ ಅರ್ಥ. ತೊಡುವಾಗ ಎಡಗಡೆಯ ಅಂಚು ಬಲಗಡೆಯದರ ಮೇಲೆ ಬರಬೇಕು; ತಿರುಗುಮುರುಗಾದರೆ ಅದು ಶವಕ್ಕೆ ಉಡಿಸೋ ರೀತಿ. ಧಾರೆ ಸೀರೆ ಮುಟ್ಟಿ ನೋಡಿ ಅಜ್ಜಿ ಒಂದು ಮನೆತನದ ಕಥೆಯನ್ನೇ ಹೇಳ್ತಾರಲ್ಲ, ಹಾಗೆ.

ಈಗ ತೋಟಕ್ಕೆ ಬನ್ನಿ. ಇದು ಶುರುವಾಗಿದ್ದು 1894ರ ಒಂದು ದೊಡ್ಡ ವಸ್ತುಪ್ರದರ್ಶನಕ್ಕಾಗಿ. ಮುಂದೆ ಅದನ್ನು ಬೆಳೆಸಿದವರು ಜಪಾನಿನಿಂದ ವಲಸೆ ಬಂದ ಮಕೋಟೊ ಹಗಿವಾರ. 1925ರಲ್ಲಿ ಅವರು ತೀರಿಕೊಂಡ ಮೇಲೂ ಕುಟುಂಬ ಅಲ್ಲೇ ಇದ್ದು ತೋಟ ನೋಡಿಕೊಂಡಿತು. ಬಂದುಹೋಗುವವರಿಗೆ ಮಾತ್ರ ಕೊಳ, ಸೇತುವೆಯ ಹಾಗೆ ಕಿಮೋನೊ ತೊಟ್ಟ ಹೆಂಗಸೂ ಒಂದು ಅಲಂಕಾರ.

1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್ವೆಲ್ಟ್ ಆದೇಶ 9066ಕ್ಕೆ ಸಹಿ ಹಾಕಿದರು. ಸುಮಾರು 1,20,000 ಜಪಾನಿ ಮೂಲದವರು ಶಿಬಿರಗಳಿಗೆ ಹೋಗಬೇಕಾಯಿತು. ಅವರಲ್ಲಿ ಮೂರನೇ ಎರಡರಷ್ಟು ಜನ ಇಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು! ಬೇ ಏರಿಯಾದ ಸಾವಿರಾರು ಜನರನ್ನು ಮೊದಲು ಇಟ್ಟಿದ್ದು ಸ್ಯಾನ್ ಬ್ರೂನೋದ ಟ್ಯಾನ್‌ಫೊರಾನ್ ರೇಸ್‌ಕೋರ್ಸಿನಲ್ಲಿ. ಎಷ್ಟೋ ಕುಟುಂಬಗಳಿಗೆ ಸಿಕ್ಕಿದ್ದು ಕುದುರೆ ಲಾಯ. ಕೈಯಲ್ಲಿ ಹೊರೋಕೆ ಆಗುವಷ್ಟೇ ಸಾಮಾನು. ಜಪಾನಿನ ನಂಟು ಕಂಡರೆ ಅನುಮಾನ ಬರುತ್ತೆ ಅಂತ ಹೆದರಿ ಎಷ್ಟೋ ಮನೆಗಳಲ್ಲಿ ಪತ್ರ, ಗೊಂಬೆ, ಕಿಮೋನೊಗಳನ್ನು ಸುಟ್ಟರು, ಹೂತರು.

ಹಗಿವಾರ ಕುಟುಂಬವೂ ಹೊರಟಿತು. ಅವರ ಮನೆಯನ್ನು ಕೆಡವಿದರು. ತೋಟಕ್ಕೆ ‘ಓರಿಯೆಂಟಲ್ ಟೀ ಗಾರ್ಡನ್’ ಅಂತ ಹೊಸ ಹೆಸರು ಬಂತು. ಚಹಾ ಕೊಡೋಕೆ ಚೀನೀ ಉಡುಪಿನ ಚೀನೀ ಹೆಂಗಸರು ಬಂದರು. ಹಳೇ ಹೆಸರು ಮರಳಿದ್ದು 1952ರಲ್ಲಿ. ಆ ಕುಟುಂಬಕ್ಕೆ ತೋಟ ಮರಳಲಿಲ್ಲ.

ನಮ್ಮ ಡೇಟಾ ಕೆಲಸದ ಮಾತಲ್ಲಿ ಹೇಳೋದಾದರೆ, ಡೇಟಾ ಅದೇ, ಲೇಬಲ್ ಬದಲಾಯಿತು. ನಿನ್ನೆ ‘ಚೆಂದ’, ಇವತ್ತು ‘ಶತ್ರು’. ಬಟ್ಟೆಯನ್ನ ಓದಲು ಬಾರದವರಿಗೆ ಒಂದು ಉಡುಪಿನ ಜಾಗದಲ್ಲಿ ಇನ್ನೊಂದನ್ನು ತಂದು ನಿಲ್ಲಿಸೋದು ಸುಲಭ. ಆಫೀಸಿನ ದೀಪಾವಳಿಗೆ ರೇಷ್ಮೆ ಸೀರೆ ಉಟ್ಟು ಹೋಗುವ ನಮಗೂ ಈ ಕಥೆ ಗೊತ್ತಿರಬೇಕು ಅಲ್ವಾ?

ಮುಂದಿನ ಸಲ ಜಪಾನ್‌ಟೌನಿನ ಅಂಗಡಿಯಲ್ಲಿ ಕಿಮೋನೊ ನೇತುಹಾಕಿದ್ದು ಕಂಡರೆ ತೋಳಿನ ಉದ್ದ ನೋಡಿ, ಮುದ್ರೆಗಳನ್ನು ಎಣಿಸಿ. ಆಮೇಲೆ ಸ್ಯಾನ್ ಬ್ರೂನೋ ಬಾರ್ಟ್ ಸ್ಟೇಷನ್ ಹತ್ತಿರ ಇಳಿಯಿರಿ. ಅಲ್ಲಿ 2022ರಲ್ಲಿ ನಿಲ್ಲಿಸಿದ ಟ್ಯಾನ್‌ಫೊರಾನ್ ಸ್ಮಾರಕವಿದೆ. ಡೊರೊಥಿಯಾ ಲ್ಯಾಂಗ್ ತೆಗೆದ ಫೋಟೋ ನೋಡಿ ಮಾಡಿದ ಇಬ್ಬರು ಪುಟ್ಟ ಹುಡುಗಿಯರ ಶಿಲ್ಪ ಅದು. ಅವರು ತೊಟ್ಟಿರೋದು ಕಿಮೋನೊ ಅಲ್ಲ, ಕೋಟು. ಮನೆತನದ ಮುದ್ರೆ ಬರುವ ಎದೆಯ ಮೇಲೆ, ಸರ್ಕಾರ ಕೊಟ್ಟ ಗುರುತಿನ ಚೀಟಿ ನೇತಾಡ್ತಿದೆ.