ಪುರದ ಸಗಣಿ ಲೆಕ್ಕ: ಕೊಟ್ಟಿದ್ದು ತಿರುಗಿ ಬಂದ ಊರಿನ ಕಥೆ

ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿ, ಸಗಣಿಯನ್ನು ಮಂಕರಿಗೆ ತುಂಬಿ, ತಲೆ ಮೇಲೆ ಹೊತ್ತು ತಿಪ್ಪೆಗೆ ಸುರಿಯುವುದನ್ನು ನಮ್ಮ ಊರುಗಳಲ್ಲಿ ಯಾರೂ ಕೆಲಸ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಚ್ಚಾಗಿ ಹೆಂಗಸರು ಮಾಡುತ್ತಾರೆ. ಕೂಲಿ ಇಲ್ಲ, ಹೆಸರೂ ಇಲ್ಲ.

ಆದರೆ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ ಒಂದು ಕಾಲಕ್ಕೆ ಈ ಮಂಕರಿಯನ್ನು ತೂಕ ಹಾಕುತ್ತಿದ್ದರು. ಹೊತ್ತು ತಂದವರಿಗೆ ಕೆಜಿಗೆ 2 ಪೈಸೆ ಸಾಗಣೆ ಕೂಲಿ ಸಿಗುತ್ತಿತ್ತು. ಆ ಸಗಣಿಯಿಂದ ಸಂಜೆ ಮನೆಗಳಲ್ಲಿ ದೀಪ ಉರಿಯುತ್ತಿತ್ತು, ನಲ್ಲಿಯಲ್ಲಿ ಕುಡಿಯುವ ನೀರು ಬರುತ್ತಿತ್ತು. ಕೊನೆಗೆ ಗೊಬ್ಬರ ಅವರವರ ಹೊಲಕ್ಕೇ ವಾಪಸ್ ಹೋಗುತ್ತಿತ್ತು.

ಈಗ ದೊಡ್ಡ ಕಂಪನಿಗಳು, ಸರ್ಕಾರಗಳು 'ಚಕ್ರೀಯ ಆರ್ಥಿಕತೆ', 'ಜೈವಿಕ ಆರ್ಥಿಕತೆ' ಎಂದು ಮಾತಾಡುತ್ತಿವೆ. ಕಸ ಅಂತ ಎಸೆಯುವುದೇ ಇನ್ನೊಂದು ಕೆಲಸಕ್ಕೆ ಕಚ್ಚಾ ಮಾಲಾಗಬೇಕು, ಮಣ್ಣಿನಿಂದ ತೆಗೆದದ್ದು ಮಣ್ಣಿಗೆ ಮರಳಬೇಕು ಎಂಬುದು ಅದರ ಸಾರ. ಆ ಪದಗಳು ನಮ್ಮ ಕಿವಿಗೆ ಬೀಳುವ ಎಷ್ಟೋ ಮೊದಲೇ ಪುರ ಅದನ್ನು ಮಾಡಿ ನೋಡಿತ್ತು. ಅದರ ಕಥೆ ನಾವು ತಿಳಿದಿರಬೇಕು. ಯಾಕೆಂದರೆ ಸಗಣಿ ಕೊಳ್ಳುವವರು ಈಗ ಮತ್ತೆ ಊರುಗಳ ಕಡೆ ನೋಡುತ್ತಿದ್ದಾರೆ.

ಮುಂಬಯಿಯಿಂದ ಬೆಂಗಳೂರಿಗೆ

ಕೊಳೆಯುವ ವಸ್ತುವಿನಿಂದ ಗ್ಯಾಸ್ ತೆಗೆಯುವುದು ನಮ್ಮ ದೇಶಕ್ಕೆ ಹೊಸದಲ್ಲ. 1897ರಲ್ಲೇ ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ ಶೌಚದ ಮಲದಿಂದ ಗ್ಯಾಸ್ ತಯಾರಿಸಿದ್ದರು. 1930ರ ದಶಕದಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್.ವಿ. ದೇಸಾಯಿ ಅವರು ಸಗಣಿಯ ಮೇಲೆ ಪ್ರಯೋಗ ಶುರು ಮಾಡಿದರು. 1950ರ ದಶಕದಲ್ಲಿ ಜಶಭಾಯಿ ಪಟೇಲ್ ಅವರು ಬಾವಿಯಂಥ ಗುಂಡಿಯ ಮೇಲೆ ಕಬ್ಬಿಣದ ಡ್ರಮ್ ತೇಲುವ ಮಾದರಿ ರೂಪಿಸಿದರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದನ್ನೇ ಹಳ್ಳಿಹಳ್ಳಿಗೆ ಒಯ್ದಿತು. ನಿಮ್ಮ ಊರಿನ ಯಾವುದೋ ಹಳೇ ಮನೆಯ ಹಿತ್ತಲಲ್ಲಿ ತುಕ್ಕು ಹಿಡಿದ ಡ್ರಮ್ ಬಿದ್ದಿದ್ದರೆ ಅದು ಈ ವಂಶದ್ದೇ ಇರಬಹುದು.

1973ರಲ್ಲಿ ಜಗತ್ತಿನಲ್ಲಿ ತೈಲದ ಬೆಲೆ ಏರಿತು. ಯೂರಿಯಾ ಮಾಡಲೂ ನೈಸರ್ಗಿಕ ಅನಿಲವೋ ತೈಲವೋ ಕಲ್ಲಿದ್ದಲೋ ಬೇಕು. ಹೀಗಾಗಿ ಗೊಬ್ಬರದ ಬೆಲೆಯೂ ಏರಿತು. ಆ ಹೊತ್ತಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು ಒಂದು ಲೆಕ್ಕ ಹಾಕಿದರು.

ವರ್ಷಕ್ಕೆ 2,30,000 ಟನ್ ಸಾರಜನಕ ಬೇಕು ಅಂದುಕೊಳ್ಳಿ. ಕಲ್ಲಿದ್ದಲಿನ ಒಂದೇ ದೊಡ್ಡ ಕಾರ್ಖಾನೆ ಕಟ್ಟಿದರೆ 14 ಕೋಟಿ ಡಾಲರ್ ಬೇಕು, 1,000 ಜನರಿಗೆ ಕೆಲಸ ಸಿಗುತ್ತದೆ, ಕಾರ್ಖಾನೆಯೇ ಇಂಧನ ತಿನ್ನುತ್ತದೆ. ಅಷ್ಟೇ ಸಾರಜನಕವನ್ನು 26,150 ಹಳ್ಳಿಗಳ ಗೋಬರ್ ಗ್ಯಾಸ್ ಸ್ಥಾವರಗಳಿಂದ ಪಡೆದರೆ 12.5 ಕೋಟಿ ಡಾಲರ್ ಸಾಕು, 1,30,750 ಜನರಿಗೆ ಕೆಲಸ, ಮೇಲೆ ಇಂಧನವೂ ಸಿಗುತ್ತದೆ. ಕಾಗದದ ಮೇಲೆ ಲೆಕ್ಕ ಚೆನ್ನಾಗಿತ್ತು. ಊರಿನಲ್ಲಿ ನಡೆಯುತ್ತದೆಯೇ ಎಂದು ನೋಡಬೇಕಿತ್ತು.

1974ರಲ್ಲಿ ರೆಡ್ಡಿ ಮತ್ತು ಸಂಗಡಿಗರು ಸಂಸ್ಥೆಯಲ್ಲೇ 'ಅಸ್ತ್ರ' ಎಂಬ ವಿಭಾಗ ಶುರು ಮಾಡಿದರು. ಹೊಗೆ ಕಡಿಮೆ ಮಾಡುವ 'ಅಸ್ತ್ರ ಒಲೆ' ನಿಮಗೆ ಗೊತ್ತಿರಬಹುದು, ಅದೂ ಅಲ್ಲಿಂದಲೇ ಬಂದದ್ದು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರದ ಕೇಂದ್ರ ಶುರುವಾಯಿತು. ಸುತ್ತಲ ಊರುಗಳಲ್ಲಿ ಯಾರು ಎಷ್ಟು ಸೌದೆ ತರುತ್ತಾರೆ, ಎಷ್ಟು ದೂರದಿಂದ ನೀರು ಹೊರುತ್ತಾರೆ ಎಂದು ಮನೆಮನೆಗೆ ಹೋಗಿ ಬರೆದುಕೊಂಡರು. ಅದರಲ್ಲಿ ಪುರವೂ ಒಂದು. 1977ರಲ್ಲಿ ಅಲ್ಲಿ 56 ಮನೆ, 357 ಜನ ಇದ್ದರು. ಊರು ಬಳಸುವ ಶಕ್ತಿಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಸೌದೆಯದೇ ಆಗಿತ್ತು.

ಮೊದಲು ಸೋತದ್ದು

ಸೌದೆಯೇ ಇಷ್ಟಿದ್ದರೆ ಅಡುಗೆಗೆ ಗ್ಯಾಸ್ ಕೊಡೋಣ ಎಂದು ವಿಜ್ಞಾನಿಗಳು ಯೋಚಿಸಿದರು. ಊರಿಗೆಲ್ಲ ಒಂದೇ ಸಾಮೂಹಿಕ ಸ್ಥಾವರ, ಅಲ್ಲಿಂದ ಮನೆಗಳಿಗೆ ಗ್ಯಾಸ್. ಇದು ನಡೆಯಲಿಲ್ಲ. ಊರಿನ ದನಗಳ ಸಗಣಿ ಎಲ್ಲ ಮನೆಗಳ ಅಡುಗೆಗೆ ಸಾಲುತ್ತಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಸೌದೆ ಆಯ್ದು ತರಲು ಮೈ ನೋಯಬೇಕು ನಿಜ, ಆದರೆ ಜೇಬಿನಿಂದ ದುಡ್ಡು ಹೋಗುವುದಿಲ್ಲ. ಹೀಗಾಗಿ ಅಡುಗೆ ಗ್ಯಾಸ್ ಊರಿನವರಿಗೆ ಅಷ್ಟು ಅಗತ್ಯ ಅನ್ನಿಸಲಿಲ್ಲ.

ನಿಮಗೆ ಮೊದಲು ಬೇಕಾದ್ದು ಏನು ಎಂದಾಗ ಬಂದ ಉತ್ತರ ಕುಡಿಯುವ ನೀರು.

ಅಲ್ಲಿಗೆ ಯೋಜನೆಯೇ ಬದಲಾಯಿತು. ಗ್ಯಾಸನ್ನು ಒಲೆಗೆ ಕೊಡುವ ಬದಲು ಎಂಜಿನ್‌ಗೆ ಕೊಟ್ಟರು. 5 ಕಿಲೋವ್ಯಾಟ್ ವಿದ್ಯುತ್ ಕೊಡುವ ಡೀಸೆಲ್ ಎಂಜಿನ್ ಜನರೇಟರ್ ಅದು. ಸ್ವಲ್ಪ ಡೀಸೆಲ್, ಹೆಚ್ಚು ಗೋಬರ್ ಗ್ಯಾಸ್ ಕುಡಿದು ಓಡುತ್ತಿತ್ತು. ಅದರ ಕರೆಂಟಿನಿಂದ ಕೊಳವೆಬಾವಿಯ ನೀರು ಮೇಲೆ ಬಂತು, ಮನೆಗಳಿಗೆ ಟ್ಯೂಬ್ ಲೈಟ್ ಬಂತು. ಇದು ಶುರುವಾದದ್ದು 1987ರ ಸೆಪ್ಟೆಂಬರ್‌ನಲ್ಲಿ. ಆ ಹೊತ್ತಿಗೆ ಕೆಲವು ಮನೆಗಳಿಗೆ ಸರ್ಕಾರಿ ಕರೆಂಟ್ ಬಂದಿತ್ತು. ಆದರೆ ಸಂಜೆಯಾದರೆ ವೋಲ್ಟೇಜ್ ಇಲ್ಲದ ಕರೆಂಟ್ ಯಾವ ಕೆಲಸಕ್ಕೆ ಬರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ಗೊಬ್ಬರ ಹೋಯಿತೆಂಬ ಭಯ

ಪುರದ ಕಡೆ ಸಗಣಿಯಿಂದ ಬೆರಣಿ ತಟ್ಟಿ ಉರಿಸುವ ರೂಢಿ ಇರಲಿಲ್ಲ. ಸಗಣಿಯೆಲ್ಲ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಹಾಗಿರುವಾಗ ಸಗಣಿಯನ್ನು ಸ್ಥಾವರಕ್ಕೆ ಕೊಡಿ ಅಂದರೆ ರೈತನಿಗೆ ಹೊಲದ ಗೊಬ್ಬರ ಕಿತ್ತುಕೊಂಡ ಹಾಗೆ ಅನ್ನಿಸುತ್ತದೆ.

ನಿಜ ಸಂಗತಿ ಬೇರೆ. ಸಗಣಿಗೆ ನೀರು ಕಲಸಿ ಗಾಳಿಯಾಡದ ಗುಂಡಿಗೆ ಬಿಟ್ಟರೆ ಸೂಕ್ಷ್ಮಜೀವಿಗಳು ಅದರಲ್ಲಿರುವ ಇಂಗಾಲವನ್ನು ತಿಂದು ಮೀಥೇನ್ ಗ್ಯಾಸ್ ಬಿಡುತ್ತವೆ. ಉರಿಯುವುದು ಆ ಮೀಥೇನ್. ಬೆಳೆಗೆ ಬೇಕಾದ ಸಾರಜನಕ ಹೆಚ್ಚುಕಡಿಮೆ ಪೂರ್ತಿಯಾಗಿ ಬಗ್ಗಡದಲ್ಲೇ ಉಳಿಯುತ್ತದೆ. ಬಯಲು ತಿಪ್ಪೆಯಲ್ಲಿ ಬಿಸಿಲು ಮಳೆಗೆ ಸಾರಜನಕ ಹಾರಿ, ತೊಳೆದು ಹೋಗುತ್ತದೆ. ಸ್ಥಾವರದ ಬಗ್ಗಡದಲ್ಲಿ ಅದು ಜಾಸ್ತಿ ಉಳಿಯುತ್ತದೆ, ಕಳೆ ಬೀಜವೂ ಕಡಿಮೆ.

ಆದರೆ ಇದನ್ನು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಪುರದಲ್ಲಿ ಅದಕ್ಕೊಂದು ದಾರಿ ಮಾಡಿದರು. ಹೊರಬಂದ ನೀರು ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಬಿಟ್ಟು ನೀರು ಬಸಿದರು. ಆಗ ಅದು ಮಂಕರಿಯಲ್ಲಿ ಹೊರುವಷ್ಟು ಗಟ್ಟಿಯಾಯಿತು. ಯಾರು ಎಷ್ಟು ಸಗಣಿ ತಂದಿದ್ದರೋ ಅವರಿಗೆ ಅಷ್ಟಕ್ಕೆ ತಕ್ಕ ಗೊಬ್ಬರ ವಾಪಸ್ ಕೊಟ್ಟರು.

ಕೆಜಿಗೆ 2 ಪೈಸೆಯ ಮಹತ್ವ ಇರುವುದು ಇಲ್ಲಿ. ಅದು ಸಗಣಿಯ ಬೆಲೆ ಆಗಿರಲಿಲ್ಲ. ಸಗಣಿ ದನದ ಒಡೆಯನದು, ಅದು ಗೊಬ್ಬರವಾಗಿ ಅವನಿಗೇ ಮರಳುತ್ತಿತ್ತು. ದುಡ್ಡು ಹೊತ್ತವರ ಶ್ರಮದ್ದು. ಹೊತ್ತವರಲ್ಲಿ ಹೆಚ್ಚಿನವರು ಹೆಂಗಸರು. ನಾಲ್ಕು ಹಸು ಇದ್ದವರಿಗೂ ಹಸುವೇ ಇಲ್ಲದವರಿಗೂ ದೀಪ ಮತ್ತು ನೀರು ಒಂದೇ ದರದಲ್ಲಿ ಸಿಕ್ಕಿತು. ಒಡೆತನ, ಶ್ರಮ, ಸೌಕರ್ಯ ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕಿದ್ದರಿಂದ ಜಗಳಕ್ಕೆ ಜಾಗ ಕಡಿಮೆಯಾಯಿತು. ಸ್ಥಾವರ ನಡೆಸಿದವರು ಊರಿನ ಯುವಕರು, ಮೇಲ್ವಿಚಾರಣೆ ಊರಿನ ಸಮಿತಿಯದು.

ಗೋಮಾಳದ ಪಾಠ

1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬುವರು ಒಂದು ಲೇಖನ ಬರೆದು ಹೆಸರಾದರು. ಎಲ್ಲರ ಆಸ್ತಿ ಹಾಳಾಗಿಯೇ ತೀರುತ್ತದೆ ಎಂಬುದು ಅವರ ವಾದ. ಗೋಮಾಳದಲ್ಲಿ ಪ್ರತಿಯೊಬ್ಬನೂ ಒಂದು ದನ ಜಾಸ್ತಿ ಮೇಯಿಸಲು ನೋಡುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ.

ಪುರದಲ್ಲಿ ಕಂಡದ್ದು ಇದರ ಉಲ್ಟಾ ಎಂದು ರೆಡ್ಡಿ ಬರೆದರು. ಅಲ್ಲಿ ಯಾರಾದರೂ ಸಗಣಿ ಕೊಡದೆ ಉಳಿಸಿಕೊಂಡರೆ ಆಗುವ ಲಾಭ ಅತ್ಯಲ್ಪ. ಎಲ್ಲರೂ ಹಾಗೆ ಮಾಡಿದರೆ ಅದೇ ಸಂಜೆ ದೀಪ ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ನಷ್ಟ ತಕ್ಷಣ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಊರಿಗೆ ಒಳ್ಳೆಯದು ಮಾಡುವುದೂ ತನಗೆ ಒಳ್ಳೆಯದು ಮಾಡಿಕೊಳ್ಳುವುದೂ ಒಂದೇ ಆಯಿತು. ಅಡುಗೆ ಗ್ಯಾಸಿನಿಂದ ಈ ಕಟ್ಟು ಬರಲಿಲ್ಲ, ಕುಡಿಯುವ ನೀರಿನಿಂದ ಬಂತು.

ಮುಂದೆ ಪುರದ ಸ್ಥಾವರ ನಿಂತಿತು. ಇಂಥ ಸಾಮೂಹಿಕ ಸ್ಥಾವರಗಳಿಗೆ ಎದುರಾಗುವ ಕಷ್ಟ ಊಹಿಸುವುದು ಕಷ್ಟವಲ್ಲ. ಸರ್ಕಾರದ ಸಬ್ಸಿಡಿ ಕರೆಂಟಿನ ಮುಂದೆ, ಪುಕ್ಕಟೆ ನೀರಿನ ಮುಂದೆ, ತಿಂಗಳಿಗೆ ದುಡ್ಡು ಕಟ್ಟಿ ತಾನೇ ನಡೆಸುವ ವ್ಯವಸ್ಥೆ ಉಳಿಯುವುದು ಸುಲಭವಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದ ಕಡೆ ಕೊಟ್ಟಿಗೆಯಲ್ಲಿ ಎತ್ತೂ ಇಲ್ಲ. ಮನೆಗೊಂದರಂತೆ ಕಟ್ಟಿದ ಗೋಬರ್ ಗ್ಯಾಸ್ ಚೆನ್ನಾಗಿ ನೆಲೆಯೂರಿದ ಕಡೆಗಳೂ ಇವೆ. ಶಿರಸಿ ಸೀಮೆಯ ಅಡಿಕೆ ಬೆಳೆಗಾರರಿಗೆ ಒಲೆಗೆ ಗ್ಯಾಸ್ ಸಿಕ್ಕರೆ ತೋಟಕ್ಕೆ ಬಗ್ಗಡ ಸಿಗುತ್ತದೆ. ಅಲ್ಲಿ ಕೊಡುವವನೂ ಪಡೆಯುವವನೂ ಒಬ್ಬನೇ ಆದ್ದರಿಂದ ಲೆಕ್ಕ ಸಲೀಸು.

ಈಗ ಕೇಳಬೇಕಾದ ಪ್ರಶ್ನೆ

2018ರಲ್ಲಿ ಕೇಂದ್ರ ಸರ್ಕಾರ 'ಗೋಬರ್‌ಧನ್' ಮತ್ತು 'ಸತತ್' ಯೋಜನೆಗಳನ್ನು ಘೋಷಿಸಿತು. 'ಸತತ್' ಅಡಿ ಸಗಣಿ, ಬೆಳೆ ತ್ಯಾಜ್ಯ, ಸಕ್ಕರೆ ಕಾರ್ಖಾನೆಯ ಮಡ್ಡಿಯಿಂದ ವಾಹನಕ್ಕೆ ಹಾಕುವ ಗ್ಯಾಸ್ ತಯಾರಿಸುವ 5,000 ಸ್ಥಾವರಗಳ ಗುರಿ ಇಟ್ಟಿತು. 2023ರಲ್ಲಿ ಇಂಥ ಸ್ಥಾವರಗಳ ಸಾವಯವ ಗೊಬ್ಬರದ ಮಾರಾಟಕ್ಕೆ ಟನ್ನಿಗೆ 1,500 ರೂಪಾಯಿ ನೆರವನ್ನೂ ಒಪ್ಪಿತು. ತಿಪ್ಪೆ ಹೋಗಿ ಉಪ್ಪರಿಗೆ ಆಗುವ ಕಾಲ ಅನ್ನಬಹುದು.

ಆದರೆ ಉಪ್ಪರಿಗೆ ಯಾರದು? ಸಗಣಿ ಲಾರಿಯಲ್ಲಿ ಹೊರಗೆ ಹೋಗಿ, ಗ್ಯಾಸ್ ಪೇಟೆಗೆ ಹೋಗಿ, ಗೊಬ್ಬರ ಚೀಲ ಕಟ್ಟಿಕೊಂಡು ಬೇರೆಲ್ಲೋ ಮಾರಾಟವಾದರೆ ಅದು ಪುಸ್ತಕದಲ್ಲಿ ಮಾತ್ರ ಚಕ್ರ. ನಮ್ಮ ಹೊಲದ ಮಟ್ಟಿಗೆ ಅದು ಒಂದೇ ದಿಕ್ಕಿಗೆ ಹೋಗುವ ದಾರಿ. ಇವತ್ತು ಸಗಣಿಗೆ ನಾಲ್ಕು ಕಾಸು ಸಿಕ್ಕೀತು, ನಾಳೆ ಅದೇ ಸಾರವನ್ನು ಚೀಲದ ಲೆಕ್ಕದಲ್ಲಿ ಕೊಳ್ಳಬೇಕಾದೀತು.

ಹಾಗಾಗಿ ನಿಮ್ಮ ಊರಿಗೆ ಯಾರಾದರೂ ಸಗಣಿ ಕೇಳಿಕೊಂಡು ಬಂದರೆ ಪುರದ ಲೆಕ್ಕ ನೆನಪಿಸಿಕೊಳ್ಳಿ. ಬಗ್ಗಡ ನಮ್ಮ ಹೊಲಕ್ಕೆ ವಾಪಸ್ ಬರುತ್ತದೆಯೇ? ಹೊತ್ತು ತರುವವರಿಗೆ ಕೂಲಿ ಕೊಡುತ್ತೀರಾ, ಆ ದುಡ್ಡು ಅವರ ಕೈಗೇ ಸೇರುತ್ತದೆಯೇ? ದನವಿಲ್ಲದ ಮನೆಗೆ ಇದರಿಂದ ಏನು ಸಿಗುತ್ತದೆ? ಈ ಮೂರನ್ನು ಗ್ರಾಮಸಭೆಯಲ್ಲೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.