ತಾತನ ವಿಲ್ಲು, 1870ರ ಒಂದು ಗೆರೆ

(1/6)
ತಾತ ಹೋಗಿ ಮೂರು ತಿಂಗಳಾಗಿತ್ತು. ಬೀರುವಿನಲ್ಲಿ ಅವರ ವಿಲ್ ಸಿಕ್ತು: ಮೈಸೂರಿನ ಮನೆ ಅಜ್ಜಿಗೆ. ಖಾತೆ ಬದಲಾಯಿಸೋಕೆ ಓಡಾಡ್ತಿದ್ದಾಗ ಒಬ್ಬ ಏಜೆಂಟ್ ಹೇಳಿದ, "ಪ್ರೊಬೇಟ್ ಇಲ್ದೆ ಈ ಕಾಗದ ನಡೆಯಲ್ಲ. ನಾನು ಮಾಡಿಸಿಕೊಡ್ತೀನಿ, ಎಂಬತ್ತು ಸಾವಿರ ಆಗುತ್ತೆ." ಅಜ್ಜಿ ಬಳೆ ಬಿಚ್ಚೋಕೆ ರೆಡಿ ಆಗಿಬಿಟ್ರು. ಬಿಕಾಂ ಓದ್ತಿರೋ ನನಗೆ ಆ ಪದದ ಅರ್ಥಾನೇ ಗೊತ್ತಿರಲಿಲ್ಲ. ಹುಡುಕ್ತಾ ಹೋದೆ, ಹೋಗಿ ನಿಂತಿದ್ದು ಕಲ್ಕತ್ತದಲ್ಲಿ.

(2/6)
ಪ್ರೊಬೇಟ್ ಅಂದ್ರೆ, ಈ ವಿಲ್ ಅಸಲಿ ಅಂತ ಕೋರ್ಟ್ ಪರೀಕ್ಷೆ ಮಾಡಿ ಮೊಹರು ಹಾಕಿ ಕೊಡೋ ಪ್ರತಿ. ಇಂಗ್ಲೆಂಡಿಂದ ಬಂದ ಪದ್ಧತಿ. ನಮ್ಮ ಹಳೇ ಧರ್ಮಶಾಸ್ತ್ರಗಳಲ್ಲಿ ವಿಲ್ ಅನ್ನೋದೇ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತದ ಶ್ರೀಮಂತ ಮನೆಗಳು ವಿಲ್ ಬರೆಯೋಕೆ ಶುರು ಮಾಡಿದ್ವು. ಜೊತೆಗೆ ಜಗಳಾನೂ ಬಂತು.

(3/6)
ಫೇಮಸ್ ಜಗಳ ಠಾಗೋರ್ ಮನೆತನದ್ದು. ಪ್ರಸನ್ನಕುಮಾರ ಠಾಗೋರ್ ದೊಡ್ಡ ಜಮೀನ್ದಾರ, ಸ್ವತಃ ವಕೀಲ. ಒಬ್ಬನೇ ಮಗ ಜ್ಞಾನೇಂದ್ರಮೋಹನ ಕ್ರೈಸ್ತನಾದ. ಅಪ್ಪ ವಿಲ್‌ನಲ್ಲಿ ಮಗನಿಗೆ ಏನೂ ಬಿಡಲಿಲ್ಲ. 1868ರಲ್ಲಿ ಅಪ್ಪ ತೀರಿಕೊಂಡ, ಮಗ ಕೋರ್ಟಿಗೆ ಹೋದ. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ 1872ರಲ್ಲಿ ತೀರ್ಪು ಬಂತು: ಹಿಂದೂ ವಿಲ್ ಬರೀಬಹುದು, ಆದ್ರೆ ತಾನು ಸಾಯುವಾಗ ಇನ್ನೂ ಹುಟ್ಟೇ ಇರದವರಿಗೆ ಆಸ್ತಿ ಕೊಡೋಕಾಗಲ್ಲ. ಸತ್ತವರ ಮಾತಿಗೂ ಒಂದು ಮಿತಿ ಇದೆ ಅಂತಾಯ್ತು.

(4/6)
ಆ ಕೇಸು ನಡೀತಿದ್ದಾಗಲೇ, 1870ರಲ್ಲಿ, ಹಿಂದೂ ವಿಲ್ಸ್ ಆಕ್ಟ್ ಬಂತು. ಹಿಂದೂ, ಜೈನ, ಸಿಖ್, ಬೌದ್ಧರ ವಿಲ್‌ಗೂ ಪ್ರೊಬೇಟ್ ಬೇಕು. ಆದ್ರೆ ಎಲ್ಲಾ ಕಡೆ ಅಲ್ಲ! ಬಂಗಾಳ ಪ್ರಾಂತ್ಯ, ಮದ್ರಾಸ್ ಮತ್ತು ಬಾಂಬೆ ನಗರಗಳು, ಇಷ್ಟೇ. ಅಲ್ಲಿ ಬರೆದ ವಿಲ್ ಅಥವಾ ಅಲ್ಲಿರೋ ಮನೆ-ಜಮೀನಿನ ವಿಲ್. ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಧಾರವಾಡ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು. ಆದ್ರೆ ಅವು ಆ ನಗರಗಳ ಒಳಗಿರಲಿಲ್ಲವಲ್ಲ, ಹಾಗಾಗಿ ಬಚಾವ್. ಮೈಸೂರಂತೂ ಸಂಸ್ಥಾನ, ಗೆರೆಯ ಆಚೆ.

(5/6)
ಇದೇ ಗೆರೆ 1925ರ ಇಂಡಿಯನ್ ಸಕ್ಸೆಷನ್ ಆಕ್ಟ್‌ಗೆ ಹಾಗೇ ಇಳೀತು. ಸ್ವಾತಂತ್ರ್ಯ ಬಂದ್ರೂ ಯಾರೂ ಅಳಿಸಲಿಲ್ಲ. 2002ರಲ್ಲಿ ಭಾರತೀಯ ಕ್ರೈಸ್ತರಿಗೆ ವಿನಾಯಿತಿ ಸಿಕ್ತು. ಕೊನೆಗೆ 2025ರ ಡಿಸೆಂಬರ್‌ನಲ್ಲಿ ಪ್ರೊಬೇಟ್ ಕಡ್ಡಾಯ ಮಾಡಿದ್ದ 213ನೇ ಸೆಕ್ಷನ್ನನ್ನೇ ಸಂಸತ್ತು ತೆಗೆದುಹಾಕ್ತು. ಒಟ್ಟು 155 ವರ್ಷ.

(6/6)
ಅಂದ್ರೆ ನಮ್ಮ ತಾತನ ವಿಲ್‌ಗೆ ಪ್ರೊಬೇಟ್ ಯಾವತ್ತೂ ಕಡ್ಡಾಯ ಇರಲೇ ಇಲ್ಲ. ಇದನ್ನ ಪಕ್ಕಾ ಮಾಡ್ಕೊಂಡಿದ್ದು ಕಾನೂನು ಸೇವಾ ಪ್ರಾಧಿಕಾರದ ವಕೀಲರ ಹತ್ರ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇದ್ರೂ ವಕೀಲರು ಉಚಿತ, ಸಹಾಯವಾಣಿ 15100. ಅವರು ಇನ್ನೊಂದು ಮಾತು ಹೇಳಿದ್ರು: ಪ್ರೊಬೇಟ್ ಬೇಡ ಅಂದ್ರೆ ಸಾಕ್ಷಿ ಬೇಡ ಅಂತಲ್ಲ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ಕೋರ್ಟಲ್ಲಿ ನಿಂತು ಹೇಳೋರು ಅವರೇ. ತಾತನ ವಿಲ್‌ಗೆ ಸಹಿ ಹಾಕಿದ್ದ ಪಕ್ಕದ ಮನೆ ಮೇಷ್ಟ್ರು ಇನ್ನೂ ಗಟ್ಟಿಯಾಗಿದ್ದಾರೆ, ಪುಣ್ಯ.

ಖಾತೆಗೆ ಅರ್ಜಿ ಹಾಕಿದ್ದೀವಿ, ಇನ್ನೂ ಬಂದಿಲ್ಲ. ಅಜ್ಜಿಯ ಬಳೆ ಮಾತ್ರ ಕೈಯಲ್ಲೇ ಇದೆ.

ನಿಮ್ಮ ಮನೇಲೂ ಬೀರುವಿನಲ್ಲಿ ಇಂಥದ್ದೊಂದು ಕಾಗದ ಇರಬಹುದು. ಸಾಕ್ಷಿ ಹಾಕಿದೋರು ಯಾರು ಅಂತ ಇವತ್ತೇ ಒಂದ್ಸಲ ಕೇಳಿ. ಸೇವ್ ಮಾಡ್ಕೊಳ್ಳಿ, ಅಜ್ಜಿ ಇರೋ ಫ್ರೆಂಡ್ಸ್‌ಗೆ ಕಳಿಸಿ.